ಮುಂದಿನ ಗಾಡಿ

ಸಂಧ್ಯಾ ಊಟದ ಮೇಜಿನ ಮೇಲೆ ಹರಡಿದ ಹಾಳೆಯನ್ನು ನೋಡಿ ಮುರುಗೇಶ್ ಕಾಫಿ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟ. ಅದು ಅವಳು ಪಾಠ ಮಾಡುವ ಶಾಲೆಯ ವೇಳಾಪಟ್ಟಿಯ ಹಾಳೆ. ವಾರಗಳಿರಬೇಕಾದ ಕಡೆ ಊರುಗಳಿದ್ದವು, ಪೀರಿಯಡ್ಡುಗಳ ಮನೆಗಳಲ್ಲಿ ಯಾವ ಗಂಟೆಗೆ ಎಲ್ಲಿರಬೇಕು, ಎಲ್ಲಿ ಪೆಟ್ರೋಲು, ಎಲ್ಲಿ ಊಟ. ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಕಛ್‌ನ ಬಿಳಿ ಮರುಭೂಮಿಗೆ ನಾಲ್ಕು ಬೈಕು, ಹನ್ನೆರಡು ದಿನ.

ಹದಿನಾಲ್ಕು ವರ್ಷದಿಂದ ಈ ಕೆಲಸವೆಲ್ಲ ಅವಳ ಗಂಡ ನಾಗಭೂಷಣನದು. ಕೆಲಸ ಅಂದರೆ ದೊಡ್ಡ ಮಾತಾಯಿತು. 'ಹೊರಡೋಣ, ಹಸಿವಾದಾಗ ನಿಲ್ಲೋಣ' ಎನ್ನುತ್ತಿದ್ದ, ಅಷ್ಟೆ. ಆದರೂ ಮುಂದಿನ ಗಾಡಿ ಅವನದೇ. ಚಾಮರಾಜಪೇಟೆಯಲ್ಲಿ ಗ್ಯಾರೇಜಿಟ್ಟಿರುವ ಮುರುಗೇಶನೂ ಅಕ್ಕಿಪೇಟೆಯ ಅಂಗಡಿಯ ಚಲುವರಾಜುವೂ ಅವನ ಬೆನ್ನು ನೋಡಿಕೊಂಡೇ ಗೋಕರ್ಣ, ಹಂಪಿ, ಕನ್ಯಾಕುಮಾರಿ ಕಂಡವರು. ಸಹಕಾರಿ ಬ್ಯಾಂಕಿನಲ್ಲಿ ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತ ನಾಗಭೂಷಣನಿಗೆ ತಾನೇ ಮುಂದೆ ಎನ್ನಿಸುತ್ತಿದ್ದ ಜಾಗ ಅದೊಂದೇ. ಸಂಧ್ಯಾ ಅವನ ಹಿಂದೆ ಕೂತು ಹೋದವಳು. ಎರಡು ವರ್ಷದ ಹಿಂದೆ ಗಾಡಿ ಕಲಿಯುತ್ತೇನೆ ಎಂದಾಗ ಅವನೇ ಭಾನುವಾರಗಳಂದು ಮೈದಾನದಲ್ಲಿ ಹಿಂದೆ ಓಡಿ ಕಲಿಸಿದ್ದ. ಕಲಿತಾಳು, ತರಕಾರಿ ತಂದಾಳು ಎಂದುಕೊಂಡಿದ್ದ.

"ಗುರು, ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ," ಎಂದ ಮುರುಗೇಶ್. "ಈ ಸಲ ಅತ್ತಿಗೇನೇ ಮುಂದೆ ಹೋಗ್ಲಿ."

ಬೇಜಾರೇನಿಲ್ಲ ಎಂದು ನಾಗಭೂಷಣ ನಕ್ಕ. ನಕ್ಕದ್ದು ತುಟಿ ಮಾತ್ರ. ಬೇರೆ ಯಾರಾದರೂ ಆಗಿದ್ದರೆ ಜಗಳವಾಡಬಹುದಿತ್ತು. ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ಸಂಧ್ಯಾ ಬೇಡವೆನ್ನುತ್ತಾಳೆಂದು ಕಾದ. ಅವಳು ಹಾಳೆಯ ಮೂಲೆಯನ್ನು ಸರಿಮಾಡಿದಳು, ಕಿವಿ ಕೆಂಪಾಗಿತ್ತು. ಅವಳಿಗೆ ಆಸೆಯಿದೆ ಎಂದು ಅವನಿಗೆ ಗೊತ್ತಾದದ್ದು ಆಗಲೇ. ಕೊನೆಗೆ ಚಲುವರಾಜು ಪಂಚಾಯಿತಿ ಮಾಡಿದ. ಭಾನುವಾರ ಮಾಗಡಿಯವರೆಗೆ ಹೋಗಿ ಬರೋಣ, ಹೋಗುವಾಗ ಅವಳು ಮುಂದೆ, ಬರುವಾಗ ಇವನು, ಆಮೇಲೆ ತೀರ್ಮಾನ ಎಂದ.

ಇವರ ಗುಂಪಿಗೆ ಮೊದಲಿನಿಂದಲೂ ಒಂದು ಕಟ್ಟಳೆ. ಮುಂದಿನವನಿಗೆ ಗುಂಡಿ ಕಂಡರೆ, ಗುಂಡಿ ಯಾವ ಕಡೆಯೋ ಆ ಕಡೆಯ ಕಾಲನ್ನು ಹೊರಗೆ ಚಾಚಬೇಕು. ಹಿಂದಿನವನು ನೋಡಿ ತಾನೂ ಚಾಚಬೇಕು, ಅವನ ಹಿಂದಿನವನೂ ಅಷ್ಟೆ. ಹಿಂದಿದ್ದವರಿಗೆ ರಸ್ತೆ ಪೂರ್ತಿ ಕಾಣುವುದಿಲ್ಲ. ಮುಂದಿನ ಕಾಲೇ ಅವರ ಕಣ್ಣು.

ಮಾಗಡಿಗೆ ಹೋಗುವಾಗ ಸಂಧ್ಯಾಳ ಕಾಲು ಒಂದು ಗುಂಡಿಯನ್ನೂ ಬಿಡಲಿಲ್ಲ. ಹಾಳೆಯಲ್ಲಿ ಎಂಟೂವರೆಗೆ ತಿಂಡಿ ಎಂದಿತ್ತು, ಎಂಟೂ ಇಪ್ಪತ್ತೈದಕ್ಕೆ ಇಡ್ಲಿಯ ಮುಂದೆ ಕೂತಿದ್ದರು. ಹೈವೇಯಲ್ಲಿ ಇಷ್ಟು ನಿಶ್ಚಿಂತೆಯಾಗಿ ಗಾಡಿ ಓಡಿಸಿ ಎಷ್ಟು ಕಾಲವಾಯಿತು ಎಂದು ಚಲುವರಾಜು ವಡೆ ಮುರಿಯುತ್ತಾ ಹೇಳಿದ. ಪಾಪ, ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ. ನಾಗಭೂಷಣ ಮಾತ್ರ ಇಡ್ಲಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಹದಿನಾಲ್ಕು ವರ್ಷ ಇವರೆಲ್ಲ ಚಿಂತೆಯಲ್ಲೇ ನನ್ನ ಹಿಂದೆ ಬಂದರೇನು ಎಂದುಕೊಂಡ.

ಬರುವಾಗ ಅವನು ಮುಂದೆ, ಹಿಂದೆಯೇ ಸಂಧ್ಯಾ. ತಾವರೆಕೆರೆಯ ಹತ್ತಿರ ರಸ್ತೆಯ ಎಡಕ್ಕೆ ಒಂದು ಗುಂಡಿ ಕಂಡಿತು. ದೂರದಿಂದಲೇ, ಚೆನ್ನಾಗಿ ಕಂಡಿತು. ಎಡಗಾಲು ಅಭ್ಯಾಸಬಲದಿಂದ ಇನ್ನೇನು ಮೇಲೇಳುವುದರಲ್ಲಿತ್ತು. ಒಂದು ಸಲ ಇವಳು ತಪ್ಪಲಿ, ಎಲ್ಲರೂ ನೋಡಲಿ ಎನ್ನಿಸಿತು. ಬೀಳಲಿ ಎಂದೇನೂ ಅಲ್ಲ. ಹ್ಯಾಂಡಲ್ಲನ್ನು ಸ್ವಲ್ಪವೇ ಬಲಕ್ಕೆ ತಿರುಗಿಸಿ ದಾಟಿದ. ಕಾಲು ಇದ್ದಲ್ಲೇ ಇತ್ತು.

ಹಿಂದೆ ಕಬ್ಬಿಣ ರಸ್ತೆಗೆ ಉಜ್ಜಿದ ಸದ್ದು ಕೇಳಿತು.

ಸಂಧ್ಯಾಳ ಪುಣ್ಯ, ಮೂಳೆ ಮುರಿದಿರಲಿಲ್ಲ. ಎಡ ಮಣಿಕಟ್ಟು ಉಳುಕಿ ಊದಿಕೊಂಡಿತ್ತು. ಮೂರು ವಾರ ಪಟ್ಟಿ ಬಿಚ್ಚಬಾರದು ಎಂದರು ಡಾಕ್ಟರು. ಆಸ್ಪತ್ರೆಯ ಹೊರಗೆ ಮುರುಗೇಶ್ ನಾಗಭೂಷಣನನ್ನು ಪಕ್ಕಕ್ಕೆ ಕರೆದ.

"ಅಷ್ಟ್ ದೊಡ್ಡ್ ಗುಂಡಿ, ಕಾಣ್ಲಿಲ್ವಾ ಮಗಾ?"

"ಕಾಣ್ಲಿಲ್ಲ ಕಣೋ."

ಬೇರೆ ಏನು ಹೇಳುವುದು? ಆದರೆ ಆ ಒಂದು ಮಾತು ಅವನ ಕೈಮೀರಿ ಬೆಳೆಯಿತು. ನಲವತ್ತಾರು ದಾಟಿತಲ್ಲ, ಕಣ್ಣು ಮಂಜಾಗಿರಬೇಕು ಎಂದು ಗೆಳೆಯರಿಬ್ಬರೂ ಮರುಗಿದರು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಸಂಧ್ಯಾಳ ಕೈ ಡಿಸೆಂಬರಿನ ಹೊತ್ತಿಗೆ ಸರಿಹೋಗುತ್ತದೆ, ಅವಳೇ ಮುಂದೆ, ನೀನು ನಡುವೆ ಆರಾಮಾಗಿ ಬಾ ಎಂದರು. ಡಿ.ವಿ.ಜಿ. ರಸ್ತೆಯಲ್ಲಿ ತನ್ನ ಷಡ್ಡಕನದೇ ಕನ್ನಡಕದ ಅಂಗಡಿಯಿದೆ, ನಾಳೆಯೇ ತೋರಿಸಿಬಿಡು ಎಂದ ಚಲುವರಾಜು ಅಲ್ಲಿಂದಲೇ ಷಡ್ಡಕನಿಗೆ ಫೋನು ಮಾಡಿದ.

ಮನೆಗೆ ಬಂದ ಮೇಲೆ ಸಂಧ್ಯಾ ಒಂದೇ ಸಲ ಕೇಳಿದಳು. "ರೀ, ನಿಜವಾಗ್ಲೂ ಕಾಣ್ಲಿಲ್ವಾ?"

"ಇಲ್ಲಾಂದ್ನಲ್ಲ," ಎಂದು ಅವನು ಟೀವಿ ಹಾಕಿದ.

ಮರುದಿನ ಸಂಜೆ ಅವಳೂ ಜೊತೆಗೆ ಬಂದಳು. ಅಂಗಡಿಯಲ್ಲಿ ಕಣ್ಣು ನೋಡುವ ಹುಡುಗಿ, ಪೂಜಿತಾ ಎಂದು ಹೆಸರು, ಅವನ ಗದ್ದವನ್ನು ಯಂತ್ರದ ಮೇಲೆ ಇಡಿಸಿದಳು, ಮತ್ತೊಮ್ಮೆ ಇಡಿಸಿದಳು. ದೂರದ ಪವರ್ ಸೊನ್ನೆ ತೋರಿಸುತ್ತಿದೆ, ಇರಲಿ, ಬೋರ್ಡು ಓದಿಸಿ ನೋಡೋಣ ಎಂದಳು. ಎದುರು ಗೋಡೆಯಲ್ಲಿ ಕನ್ನಡ ಅಕ್ಷರಗಳ ಬೋರ್ಡು. ಮೇಲೆ ದಪ್ಪಗೆ ಒಂದೇ ಅಕ್ಷರ, ಕೆಳಕೆಳಗೆ ಸಾಲು ಸಣ್ಣದಾಗುತ್ತಾ ಹೋಗಿತ್ತು. ನಾಗಭೂಷಣನಿಗೆ ಎಲ್ಲ ಸಾಲೂ ಕಾಣುತ್ತಿತ್ತು. ಬೋರ್ಡನ್ನು ಮುದ್ರಿಸಿದವರ ಹೆಸರೂ ಕಾಣುತ್ತಿತ್ತು.

ಮೂರನೆಯ ಸಾಲಿಗೆ ನಿಲ್ಲಿಸಿದ. "ಇನ್ ಕೆಳಗಿಂದು ಮಬ್ಬು."

ಹುಡುಗಿ ಅವನ ಮೂಗಿನ ಮೇಲೆ ಖಾಲಿ ಚೌಕಟ್ಟಿಟ್ಟು, ಅದಕ್ಕೆ ಒಂದು ಗಾಜು ಸಿಕ್ಕಿಸಿ ಈಗ ಹೇಗಿದೆ ಎಂದಳು. ಈಗ ನಿಜಕ್ಕೂ ಮಬ್ಬಾಯಿತು. ಇದು ಪರವಾಗಿಲ್ಲ, ಚೆನ್ನಾಗಿ ಕಾಣುತ್ತಿದೆ ಎಂದ. ಹುಡುಗಿ ಗೊಂದಲದಲ್ಲಿ ಯಂತ್ರ ಕೊಟ್ಟ ಚೀಟಿಯನ್ನೂ ಅವನನ್ನೂ ನೋಡಿದಳು.

"ಗಾಜು ತೆಗ್ದ್ಬಿಡಮ್ಮ," ಎಂದಳು ಹಿಂದಿನ ಸ್ಟೂಲಿನಲ್ಲಿ ಕೂತಿದ್ದ ಸಂಧ್ಯಾ. ದನಿಯಲ್ಲಿ ಸಿಟ್ಟಿರಲಿಲ್ಲ. "ಬರಿಗಣ್ಣಲ್ಲೇ ಓದ್ತಾರೆ."

ನಾಗಭೂಷಣ ತಿರುಗಿ ನೋಡಲಿಲ್ಲ. ನಾಲ್ಕನೆಯ ಸಾಲು ಓದಿದ. ಐದನೆಯದನ್ನೂ ಓದಿದ. ಅಕ್ಷರ ಸಣ್ಣದಾದಂತೆ ಅವನ ದನಿಯೂ ಇಳಿಯುತ್ತಾ ಹೋಯಿತು. ಕೊನೆಯ ಸಾಲಿಗೆ ಬಂದಾಗ ಪೂಜಿತಾ ಕೇಳಿಸಿಕೊಳ್ಳಲು ಬಗ್ಗಬೇಕಾಯಿತು.

"ರ... ಗ... ಸ... ದ."

"ಎಲ್ಲಾ ಸರಿಯಾಗಿದೆ ಅಂಕಲ್," ಎಂದಳು ಹುಡುಗಿ.

ಸಂಧ್ಯಾ ಎದ್ದಳು. ಮಣಿಕಟ್ಟಿನ ಪಟ್ಟಿಯ ತುದಿ ಬಿಚ್ಚಿಕೊಂಡಿತ್ತು. ಕಟ್ಟಿಕೊಡಲು ಅವನು ಕೈ ಮುಂದೆ ಮಾಡಿದ. ಅವಳು ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಬಲಗೈಯಿಂದ ತಾನೇ ಸುತ್ತಿಕೊಂಡಳು.