ಕಿರುಬೆರಳ ಸ್ವರ

"ಇನ್ನೊಂದ್ಸಲ ನುಡಿಸು," ಅಂದ ಗಂಡ.

ಅವಳು ಪಿಟೀಲನ್ನು ಮತ್ತೆ ಗದ್ದದಡಿ ಇಟ್ಟುಕೊಂಡಳು. ಅವನು ಮಂಚದ ಅಂಚಿನಲ್ಲಿ ಕೂತು ಕಣ್ಣು ಮುಚ್ಚಿ ಕೇಳಿದ. ಬರುವ ವಾರದ ಕಾರ್ಯಕ್ರಮದಲ್ಲಿ ಒಬ್ಬರೇ ನುಡಿಸುವ ಭಾಗವನ್ನು ವಾದ್ಯವೃಂದದ ಮೇಷ್ಟ್ರು ಬೆಳಿಗ್ಗೆ ಅವಳಿಗೆ ಕೊಟ್ಟಿದ್ದರು. ಮೊದಲ ಸಾಲಿನಲ್ಲಿ ಕೂರುವ ಗಂಡನನ್ನು ಬಿಟ್ಟು, ಹಿಂದಿನ ಸಾಲಿನ ಅವಳಿಗೆ.

"ಇದು ನಾನು ಹೇಳಿಕೊಟ್ಟಿದ್ದಲ್ಲ," ಅಂದ. "ಕಮಾನು ಎಳೆಯೋದು ಥೇಟ್ ಆ ಗೊಗ್ಗರಿ ಥರ. ಇಷ್ಟು ವರ್ಷ ನಾನು ಕಲಿಸಿದ್ದು ಯಾವ ಹೊಳೆಗೆ ಹೋಯ್ತು?"

ಅವನು ಕಲಿಸಿದ್ದು ಎಲ್ಲೂ ಹೋಗಿರಲಿಲ್ಲ. ಸ್ವರ ತಪ್ಪಿದಾಗೆಲ್ಲ ಗೆಣ್ಣಿನ ಮೇಲೆ ಕಮಾನಿನ ಏಟು ಬೀಳುತ್ತಿತ್ತು. ಆ ಏಟು ಕಾದೂ ಕಾದೂ ಅವಳ ಬಲಗೈ ಪಕ್ಕೆಗೆ ಅಂಟಿಕೊಂಡುಬಿಟ್ಟಿತ್ತು. ಅದನ್ನು ಬಿಡಿಸಿದವಳು ಗೊಗ್ಗರಕ್ಕ. ಒಡಕು ದನಿಯ, ದಪ್ಪ ತೋಳಿನ ಆ ಹೆಂಗಸು ಅವಳ ಜತೆ ಒಂದೇ ಸ್ಟ್ಯಾಂಡಿನ ಸ್ವರದ ಹಾಳೆ ನೋಡಿ ನುಡಿಸುವವಳು. "ರೆಕ್ಕೆ ಬಿಚ್ಚೇ, ಕೋಳಿ. ಮೊಟ್ಟೆಗೆ ಕಾವು ಕೊಡ್ತಿದೀಯಾ?" ಅಂದಿದ್ದಳು ಒಂದು ದಿನ, ಚಹಾದ ಬಿಡುವಿನಲ್ಲಿ. ಬಾಯಲ್ಲಿ ಕಲಿಸಿದ್ದು ಅಷ್ಟೇ. ಮಿಕ್ಕಿದ್ದು ಪಕ್ಕದಲ್ಲಿ ಕೂತು ಕೂತು ಬಂತು. ಬದಲಿಗೆ ಗೊಗ್ಗರಕ್ಕ, ಎತ್ತರದ ಸ್ವರವನ್ನು ಇವಳ ಕಿರುಬೆರಳು ನಡುಗಿಸುವ ಬಗೆಯನ್ನು ಕದ್ದಿದ್ದಳು. ಕದ್ದೆ ಅಂತ ಹೇಳಿಯೂ ಇದ್ದಳು.

"ಪಕ್ಕದಲ್ಲಿ ಕೂತವರದು ಬಂದ್ಬಿಡತ್ತೆ," ಅಂದಳು ಗಂಡನಿಗೆ. "ಬೇಕಂತ ಕಲೀಲಿಲ್ಲ."

"ಪಕ್ಕದಲ್ಲಿ ನಾನೂ ಮಲಗ್ತೀನಲ್ಲ. ನಂದ್ಯಾಕೆ ಬರ್ಲಿಲ್ಲ?"

ಉತ್ತರ ಅವಳಿಗೆ ಗೊತ್ತಿತ್ತು. ಪಿಟೀಲನ್ನು ಪೆಟ್ಟಿಗೆಯಲ್ಲಿಡಲು ಬಗ್ಗಿದಳು. ಅವನು ಕಾಲೆತ್ತಿ ಮುಚ್ಚಳವನ್ನು ತುಳಿದ. ಎಡಗೈ ಒಳಗೇ ಇತ್ತು. ಒಣಕಡ್ಡಿ ಮುರಿದಂಥ ಸದ್ದಾಯಿತು. ನೋವಿಗಿಂತ ಮೊದಲು ಅವಳಿಗೆ ಬಂದ ಯೋಚನೆ, ಯಾವ ಬೆರಳು? ಅವನು ಕಾಲು ತೆಗೆಯಲಿಲ್ಲ. ಮೊಣಕಾಲು ಹಿಡಿದು ತಳ್ಳಿದ್ದಕ್ಕೆ ಅವಳ ಕೂದಲು ಹಿಡಿದು ತಲೆಯನ್ನು ಮಂಚದ ಕಾಲಿಗೆ ಬಡಿದ. ಬಾಯಿಗೆ ರಕ್ತದ ರುಚಿ ಬಂತು.

"ಈಗ ನುಡಿಸು ಅವಳ ಥರ," ಅಂದ, ಏದುಸಿರು ಬಿಡುತ್ತ.

ಎರಡು ದಿನ ಬಿಟ್ಟು ಅಭ್ಯಾಸಕ್ಕೆ ಹೋದಾಗ ಕಿರುಬೆರಳಿಗೆ ಪಟ್ಟಿ ಕಟ್ಟಿತ್ತು.

"ಬಾಗಿಲಿಗೆ ಸಿಕ್ಕಿಸ್ಕೊಂಡ್ಳು ಸಾರ್," ಅಂದ ಗಂಡ ಮೇಷ್ಟ್ರಿಗೆ. "ಆ ಭಾಗ ನಾನೇ ನೋಡ್ಕೋತೀನಿ ಬಿಡಿ."

ಮೇಷ್ಟ್ರು ಅವಳ ಹಣೆಯ ಬಾವು ನೋಡಿದರು, ಬೆರಳು ನೋಡಿದರು. "ಮೇಲಿನ ಸ್ವರಕ್ಕೆ ಕಿರುಬೆರಳಿಲ್ದೆ ಹೇಗಮ್ಮಾ," ಅಂದರು ತಗ್ಗಿದ ದನಿಯಲ್ಲಿ.

ಗೊಗ್ಗರಕ್ಕ ಜಡೆಯ ರಬ್ಬರ್ ಬ್ಯಾಂಡ್ ಕಿತ್ತು ತನ್ನ ಕಿರುಬೆರಳನ್ನು ಮಡಚಿ ಬಿಗಿದಳು. ಮೂರೇ ಬೆರಳಲ್ಲಿ ಆ ಭಾಗ ಶುರು ಮಾಡಿದಳು. ಎತ್ತರದ ಸ್ವರ ಬಂದಾಗ ಪಿಟೀಲು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚಿತು. ಹಿಂದೆ ಯಾರೋ ನಕ್ಕರು.

"ನಗಿ, ನಗಿ. ನಿಮಗೇನು, ಐದೂ ನೆಟ್ಟಗಿವೆ," ಅಂದಳು ಗೊಗ್ಗರಕ್ಕ.

ಮತ್ತೆ ನುಡಿಸಿದಳು. ಈ ಸಲ ಇಡೀ ಕೈಯನ್ನೇ ಮುಂದಕ್ಕೆ ಜಾರಿಸಿ, ಉಂಗುರ ಬೆರಳಲ್ಲಿ ಆ ಸ್ವರ ಹಿಡಿದಳು. ಅದು ನಡುಗಿತು, ಕಿರುಬೆರಳಲ್ಲಿ ನಡುಗುತ್ತಿದ್ದ ಹಾಗೆಯೇ.

"ತಗೊಳ್ಳೇ," ಅಂದಳು. "ನಿಂದೇ."

ಅವಳು ಪಿಟೀಲೆತ್ತಿದಳು. ಗಂಡ ಕುರ್ಚಿ ಒದ್ದುಕೊಂಡು ಬಂದ. "ಇಳಿಸು," ಅಂದ. ಇಳಿಸಲಿಲ್ಲ. ಎಲ್ಲರೆದುರೇ ಅವನ ಕಮಾನು ಅವಳ ಕಿವಿಯ ಮೇಲೆ ಬಿದ್ದು ಎರಡು ತುಂಡಾಯಿತು. ಅದುವರೆಗೆ ಬಾಗಿಲಿನ ಮಾತು ನಂಬಿದವರಂತೆ ಕೂತಿದ್ದವರು ಎದ್ದರು. ಡ್ರಮ್ಮಿನವನು ಅವನ ತೋಳು ತಿರುಚಿ ಗೋಡೆಗೆ ಒತ್ತಿದ.

"ಬಿಡೋ, ನನ್ನ ಹೆಂಡ್ತಿ ಅವಳು."

"ಓ, ಆ ಬಾಗ್ಲು ನೀನೇನಾ?" ಅಂದ ಡ್ರಮ್ಮಿನವನು, ಇನ್ನಷ್ಟು ಒತ್ತಿ.

ಅವಳು ನುಡಿಸಿದಳು. ಕಿವಿಯಿಂದ ಇಳಿದ ರಕ್ತ ಗದ್ದದ ಕೆಳಗೆ ಜಾರಿ ಮರ ಅಂಟಂಟಾಯಿತು. ಕೈ ಮುಂದಕ್ಕೆ ಸರಿಸಿದಾಗ ನೋವು ಭುಜದವರೆಗೆ ಹೊಡೆಯಿತು, ಸ್ವರ ತಪ್ಪಿತು. ಯಾರೂ ಹೊಡೆಯಲಿಲ್ಲ. ಎರಡನೇ ಸಲ ಸಿಕ್ಕಿತು.

"ಮೊದಲಿಂದ ಬಾಮ್ಮ," ಅಂದರು ಮೇಷ್ಟ್ರು.

ಕೊನೆಯ ಸಾಲಿನಲ್ಲಿ ಒಬ್ಬ ಕಿರುಬೆರಳು ಮಡಚಿಕೊಂಡು, ಕಮಾನು ಮುಟ್ಟದೆ, ತಂತಿಯ ಮೇಲೆ ಸದ್ದಿಲ್ಲದೆ ಕೈ ಜಾರಿಸಿ ನೋಡುತ್ತಿದ್ದ. ಪಕ್ಕದವನು ಬಗ್ಗಿ ಆ ಕೈಯನ್ನೇ ನೋಡುತ್ತಿದ್ದ.