ಗದ್ದಲವಿಲ್ಲದ ಹೊಟ್ಟೆ

ಮಗಳು ಪುಟ್ಟಿಯ ಯೂನಿಫಾರ್ಮಿನ ಎಡತೋಳಿಗೆ ಇಸ್ತ್ರಿ ಮುಗಿಸಿ ಟೈಲರಮ್ಮ ಬಲತೋಳಿಗೆ ಕೈ ಹಾಕಿದ್ದಳಷ್ಟೇ, ಕರೆಗಂಟೆ ಶುರುವಾಯಿತು. ಮನೆಗೆ ಬೆಂಕಿ ಬಿದ್ದವರ ಹಾಗೆ ಯಾರೋ ಗುಂಡಿಯಿಂದ ಬೆರಳು ತೆಗೆಯದೆ ಒತ್ತುತ್ತಿದ್ದರು. ಟೈಲರಮ್ಮ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಮೊಣಕಾಲನ್ನು ಬೈದುಕೊಳ್ಳುತ್ತಾ ಹೋಗಿ ಬಾಗಿಲು ತೆಗೆದರೆ ಬ್ಯಾಂಕಿನಮ್ಮ ನಿಂತಿದ್ದರು. ಒಂದು ಕೈಯಲ್ಲಿ ಆಫೀಸಿನ ಬ್ಯಾಗು, ಇನ್ನೊಂದು ಕೈಯಲ್ಲಿ ಸೊಂಟದ ಹತ್ತಿರ ಮುದುಡಿ ಹಿಡಿದ ಪ್ಯಾಂಟು.

"ಕೈ ಬಿಟ್ಟರೆ ಮಾನ ಹೋಗುತ್ತೆ ಟೈಲರಮ್ಮಾ. ಬಸ್ಸಿನಲ್ಲಿ ಕಂಬ ಹಿಡ್ಕೊಳ್ಳಲೋ ಇದನ್ನ ಹಿಡ್ಕೊಳ್ಳಲೋ ಹೇಳಿ!"

"ಮೊನ್ನೆ ತಾನೇ ಹೊಲಿಗೆ ಹಿಡಿದು ಕೊಟ್ಟಿದ್ದೆನಲ್ಲ?"

"ಮೊನ್ನೆಯ ನಾನೇ ಬೇರೆ, ಇವತ್ತಿನ ನಾನೇ ಬೇರೆ," ಅಂದರು ಬ್ಯಾಂಕಿನಮ್ಮ. ಆ ಮಾತಿನಲ್ಲಿ ಗರ್ವ ತುಳುಕುತ್ತಿತ್ತು.

ಮನೆಯ ಮುಂದಿನ ಕೋಣೆಯೇ ಟೈಲರಮ್ಮನ ಅಂಗಡಿ. ಒಂದು ಹೊಲಿಗೆ ಮಿಷನ್, ಒಂದು ನಿಲುವುಗನ್ನಡಿ, ಗಿರಾಕಿಗಳು ನಿಲ್ಲುವುದಕ್ಕೆ ಒಂದು ಮಣೆ. ಇತ್ತೀಚೆಗೆ ಆ ಕೋಣೆಗೆ ಹೊಸ ಬಟ್ಟೆ ಬರುವುದೇ ನಿಂತುಹೋಗಿತ್ತು. ಬರುವುದೆಲ್ಲ ಹಳೆಯ ಬಟ್ಟೆ, ಹೇಳುವುದೆಲ್ಲ ಒಂದೇ ಮಾತು: ಸ್ವಲ್ಪ ಹಿಡಿದು ಕೊಡಿ. ತೂಕ ಇಳಿಸುವ ಇಂಜೆಕ್ಷನ್ ಬಂದಮೇಲೆ ಬೀದಿಗೆ ಬೀದಿಯೇ ಸಣ್ಣಗಾಗತೊಡಗಿತ್ತು. ಮೇಷ್ಟರ ಕೋಟು, ಔಷಧಿ ಅಂಗಡಿಯವಳ ಅಂಗಿ, ಎದುರುಮನೆ ಅಜ್ಜಿಯ ಗೌನು, ಎಲ್ಲವೂ ಯಜಮಾನರಿಲ್ಲದ ಮನೆಯ ಹಾಗೆ ಬಿಕೋ ಎನ್ನುತ್ತಿದ್ದವು. ಸಣ್ಣಗಾಗದೆ ಉಳಿದದ್ದು ಅವನ್ನೆಲ್ಲ ಹಿಡಿದು ಕೊಡುವ ಟೈಲರಮ್ಮ ಒಬ್ಬಳೇ.

ಅವಳು ಗುಂಡುಸೂಜಿಗಳನ್ನು ತುಟಿಯ ನಡುವೆ ಕಚ್ಚಿಕೊಂಡು, ಬ್ಯಾಂಕಿನಮ್ಮನ ಸೊಂಟದ ಹತ್ತಿರ ಬಗ್ಗಿದಳು.

"ಹೆಚ್ಚಾದ ಬಟ್ಟೆ ಕತ್ತರಿಸಿಬಿಡಿ. ನಾನಿನ್ನು ಹಿಂದಕ್ಕೆ ಹೋಗೋದಿಲ್ಲ."

"ಒಳಗೆ ಮಡಚಿ ಬಿಟ್ಟಿರ್ತೀನಿ," ಅಂದಳು ಸೂಜಿಗಳ ಸಂದಿಯಿಂದ. "ಕಣ್ಣಿಗೆ ಕಾಣಲ್ಲ ಬಿಡಿ."

"ನೀವು ಯಾವಾಗ ಶುರು ಮಾಡೋದು?"

"ಇವತ್ತು ಸಂಜೆ ಡಾಕ್ಟ್ರ ಹತ್ರ ಹೋಗ್ಬೇಕು. ತಗೊಳ್ಳೋದೋ ಬೇಡವೋ ಅಂತ ಇವತ್ತೇ ತೀರ್ಮಾನ."

"ಅದರಲ್ಲಿ ತೀರ್ಮಾನ ಏನು ಬಂತು? ಸುಮ್ನೆ ತಗೊಳ್ಳಿ. ನನ್ನ ತಲೆಯೊಳಗೆ ದಿನವಿಡೀ ಒಂದು ರೇಡಿಯೋ ಓಡ್ತಿತ್ತು ಗೊತ್ತಾ? ಕೌಂಟರಲ್ಲಿ ಕೂತು ನೋಟು ಎಣಿಸ್ತಿದ್ರೆ ಮಧ್ಯೆ ಮಧ್ಯೆ ಕೇಕು, ಚಿಪ್ಸು, ಫ್ರಿಜ್ಜಲ್ಲಿಟ್ಟ ಐಸ್‌ಕ್ರೀಮು. ಈಗ ಪಿನ್ ಡ್ರಾಪ್ ಸೈಲೆನ್ಸ್. ಮಕ್ಕಳು ತಟ್ಟೇಲಿ ಏನು ಬಿಟ್ಟರೂ ಆ ಕಡೆ ತಿರುಗಿ ಕೂಡ ನೋಡಲ್ಲ. ಅವರವರದ್ದು ಅವರವರೇ ತಿಂದು ಮುಗಿಸ್ತಾರೆ. ನಿಮ್ಮ ರೇಡಿಯೋ ಎಷ್ಟು ಜೋರಾಗಿ ಓಡುತ್ತೆ?"

ಟೈಲರಮ್ಮ ಸೂಜಿ ಚುಚ್ಚುವುದನ್ನು ನಿಲ್ಲಿಸಿದಳು. "ನನಗೆ ರೇಡಿಯೋನೇ ಇಲ್ಲ ಕಣ್ರೀ."

ಬ್ಯಾಂಕಿನಮ್ಮ ಕನ್ನಡಿಯಲ್ಲೇ ಅವಳನ್ನು ಮೇಲಿಂದ ಕೆಳಗೆ, ಆಮೇಲೆ ಈ ಬದಿಯಿಂದ ಆ ಬದಿಗೆ ನೋಡಿದರು. ಎರಡನೆಯ ನೋಟಕ್ಕೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. "ಹೌದಾ?" ಅಂದರು. ಸಾಲ ಕೇಳಲು ಬಂದವರು ಸ್ವಂತ ಮನೆಯಿದೆ ಎಂದರೆ ಬ್ಯಾಂಕಿನವರು ಅನ್ನುತ್ತಾರಲ್ಲ, ಹಾಗೆ.

ಅಷ್ಟರಲ್ಲಿ ಒಂದೇ ತೋಳಿಗೆ ಇಸ್ತ್ರಿಯಾದ ಯೂನಿಫಾರ್ಮನ್ನು ತಾನೇ ತೊಟ್ಟುಕೊಂಡು ಪುಟ್ಟಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ!

"ಅಮ್ಮಾ, ಒಂದು ಕೇಳ್ಲಾ?"

"ಆಮೇಲೆ ಬಂಗಾರಾ. ಬಾಯಲ್ಲಿ ಸೂಜಿ ಇದೆ."

"ನೀನೇನೂ ಹೇಳೋದು ಬೇಡ. ನಾನು ಕೇಳಿದ್ರೆ ಸಾಕು."

"ಆಮೇಲೆ ಅಂದ್ನಲ್ಲ!"

ಪುಟ್ಟಿ ಶಾಲೆಗೆ ಹೋದಳು, ಬ್ಯಾಂಕಿನಮ್ಮ ಹೊಲಿದು ಕೊಟ್ಟ ಪ್ಯಾಂಟು ತೊಟ್ಟು, ಬ್ಯಾಗು ಹೆಗಲಿಗೇರಿಸಿ ಎರಡೂ ಕೈ ಬೀಸಿಕೊಂಡು ಬಸ್ಸಿಗೆ ಹೋದರು. ಟೈಲರಮ್ಮ ಮಾತ್ರ ಮಣೆಯ ಮೇಲೆ ಕುಕ್ಕರಿಸಿ ಮೊಣಕಾಲು ನೀವಿಕೊಂಡಳು.

ಆಸೆ ಇರಲಿಲ್ಲವೆಂದಲ್ಲ, ಇಂಜೆಕ್ಷನ್ ಮೇಲೆ ಅವಳಿಗೂ ಆಸೆಯಿತ್ತು. ಅಂದಚೆಂದಕ್ಕಲ್ಲ. ಲಂಗದ ಅಂಚು ಗುರುತು ಹಾಕುವುದಕ್ಕೆ ನೆಲದಲ್ಲಿ ಮಂಡಿಯೂರಿದರೆ ಮತ್ತೆ ಏಳಲು ಮಿಷನ್ನಿನ ಕಾಲು ಹಿಡಿಯಬೇಕಾಗುತ್ತಿತ್ತು. ಮೊನ್ನೆ ಹಾಗೇ ಒಬ್ಬ ಮದುಮಗಳ ಕಾಲನ್ನೇ ಹಿಡಿದುಬಿಟ್ಟಿದ್ದಳು. ಆ ಹುಡುಗಿ ಗಾಬರಿಯಾಗಿ, "ಅಯ್ಯೋ, ಏಳಿ ಆಂಟಿ, ನೀವು ದೊಡ್ಡವರು," ಅಂದಿದ್ದಳು. ಮಂಡಿಯೂರಲಾಗದ ಟೈಲರಿನ ಹತ್ತಿರ ಎಷ್ಟು ದಿನ ಗಿರಾಕಿ ಬಂದಾರು? ಅದರ ಜೊತೆಗೆ ರಕ್ತದಲ್ಲಿ ಸಕ್ಕರೆ ಅಂಚಿಗೆ ಬಂದು ನಿಂತಿದೆ ಎಂದು ಬೇರೆ ಡಾಕ್ಟರು ಹೇಳಿದ್ದರು. "ನಿಮ್ಮ ತೂಕಕ್ಕೆ ಇಂಜೆಕ್ಷನ್ ಕೊಡಬಹುದು. ಆದ್ರೆ ಮನೆಗೆ ಹೋಗಿ, ಊಟದ ಯೋಚನೆ ತಲೆಯಲ್ಲಿ ಎಷ್ಟು ಗದ್ದಲ ಮಾಡುತ್ತೆ ಅಂತ ಕಿವಿಗೊಟ್ಟು ಕೇಳಿಸ್ಕೊಂಡು ಬನ್ನಿ," ಅಂದಿದ್ದರು.

ಅವಳು ಶ್ರದ್ಧೆಯಿಂದ ಕಿವಿಗೊಟ್ಟಳು. ಕ್ರೀಮ್ ಬಿಸ್ಕತ್ತಿನ ಪೊಟ್ಟಣವೊಂದನ್ನು ಬಿಚ್ಚಿ ಮಿಷನ್ನಿನ ಪಕ್ಕದಲ್ಲೇ ಇಟ್ಟುಕೊಂಡು ಕೂತಳು. ಬಿಸ್ಕತ್ತು ಬಾಯಿ ಬಿಡಲಿಲ್ಲ. ಮಧ್ಯಾಹ್ನ ಕಳೆಯಿತು, ಮೇಷ್ಟರ ಕೋಟು ಮುಗಿಯಿತು, ಅದು ಸರದಿಗೆ ಕಾದ ಗಿರಾಕಿಯ ಹಾಗೆ ತೆಪ್ಪಗೆ ಕೂತೇ ಇತ್ತು. ಅಂದು ಬೇಗ ಕೆಲಸ ಮುಗಿಸಿ ಗಂಡ ಬಂದವನೇ ಎಲ್ಲವನ್ನೂ ತಿಂದು ಮುಗಿಸಿ, ಪರೀಕ್ಷೆಯ ವಿಷಯ ತಿಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಅವನು ಲಿಫ್ಟ್ ರಿಪೇರಿಯವನು. "ಸದ್ದಿಲ್ಲ ಅಂದ್ರೆ ಸರಿ ಇದೆ ಅಂತಲ್ಲ ಕಣೇ," ಅಂದ. "ಸದ್ದಿಲ್ಲದ ಲಿಫ್ಟೇ ಜನರನ್ನ ಅರ್ಧದಲ್ಲಿ ನಿಲ್ಲಿಸೋದು."

"ನನ್ನನ್ನ ಲಿಫ್ಟಿಗೆ ಹೋಲಿಸಬೇಡ್ರೀ."

"ಹೋಲಿಸಲಿಲ್ಲ ಕಣೇ. ಲಿಫ್ಟಿನಲ್ಲಾದ್ರೆ ಎಷ್ಟು ಭಾರ ಅಂತ ಬರೆದಿರ್..." ಹೆಂಡತಿಯ ಮುಖ ನೋಡಿದವನೇ ಎದ್ದು ಹೋಗಿ, ಯಾರೂ ಹೇಳದೆಯೇ ಕಸದ ಬುಟ್ಟಿ ಖಾಲಿ ಮಾಡಿ ಬಂದ.

ಅವಳ ನಿಜವಾದ ಸಂಕಟ ಇದೇ ಆಗಿತ್ತು. ದಪ್ಪಗಿದ್ದು ಆಸೆಬುರುಕಿಯಾಗಿದ್ದರೆ ಲೋಕ ನಕ್ಕು ಒಪ್ಪಿಕೊಳ್ಳುತ್ತದೆ. ದಪ್ಪಗಿದ್ದೂ ನನಗೇನೂ ತಿನ್ನಬೇಕೆನಿಸುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಡಾಕ್ಟರೂ "ಹೌದಾ?" ಅಂದುಬಿಟ್ಟರೆ? ನಿಮಗಿದು ಹೊಂದುವುದಿಲ್ಲ, ಹೋಗಿ ಅಂದುಬಿಟ್ಟರೆ ಮೊಣಕಾಲಿನ ಗತಿಯೇನು? ಯೋಚಿಸಿ ಯೋಚಿಸಿ ತಲೆ ಗಿರ್ರೆಂದು, ಕೊನೆಗೆ ಕನ್ನಡಿಯ ಮುಂದೆ ನಿಂತು ಒಂದು ಸುಳ್ಳನ್ನು ಟ್ರಯಲ್ ನೋಡಿದಳು. "ಕೇಕು ಕರೆಯುತ್ತೆ ಡಾಕ್ಟ್ರೇ." ಇನ್ನೊಮ್ಮೆ, ನಿಟ್ಟುಸಿರಿನೊಂದಿಗೆ: "ಕರೆಯುತ್ತಲೇ ಇರುತ್ತೆ ಡಾಕ್ಟ್ರೇ." ಎರಡನೆಯದು ಫಿಟ್ಟಿಂಗ್ ಸರಿಯಿತ್ತು.

ಸಂಜೆ ಶಾಲೆಯಿಂದಲೇ ಪುಟ್ಟಿಯನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಹೋದಳು. ದಾರಿಯಲ್ಲಿ ಮಗಳು ಮತ್ತೆ "ಅಮ್ಮಾ, ಬೆಳಿಗ್ಗೆ ಕೇಳ್ಬೇಕು ಅಂದಿದ್ದು..." ಎಂದು ಶುರು ಮಾಡಿದಳು. ಆದರೆ ಟೈಲರಮ್ಮ ತುಟಿಯಲ್ಲೇ ಸುಳ್ಳನ್ನು ಉರು ಹೊಡೆಯುತ್ತಿದ್ದಳು. "ಶ್! ಈಗ ಬೇಡ, ಮರೆತುಹೋಗುತ್ತೆ."

"ಹೇಳಿ, ಗದ್ದಲ ಕೇಳಿಸ್ತಾ?" ಅಂದರು ಡಾಕ್ಟರು.

"ಕೇಕು ಕರೆಯುತ್ತಲೇ ಇರುತ್ತೆ ಡಾಕ್ಟ್ರೇ."

"ಏನಂತ ಕರೆಯುತ್ತೆ?"

ಅದನ್ನವಳು ಟ್ರಯಲ್ ನೋಡಿರಲಿಲ್ಲ. ಕುರ್ಚಿಯಲ್ಲೇ ಒಮ್ಮೆ ಆ ಕಡೆ ಈ ಕಡೆ ಸರಿದು, "ಟೈಲರಮ್ಮಾ... ಅಂತ," ಅಂದಳು.

ಪುಟ್ಟಿ ಅಮ್ಮನ ಮುಖವನ್ನೇ ಕಣ್ಣು ಕಣ್ಣು ಬಿಟ್ಟು ನೋಡಿದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ನಗು ತಡೆಯಲು ಅವರಿಗಿದ್ದ ಉಪಾಯ ಅದೊಂದೇ ಇರಬೇಕು.

"ನೋಡಿಮ್ಮಾ, ಇದು ಪಾಸು ಫೇಲಿನ ಪರೀಕ್ಷೆ ಅಲ್ಲ. ಗದ್ದಲ ಇಲ್ಲ ಅಂದ್ರೆ ಇಂಜೆಕ್ಷನ್ ಇಲ್ಲ ಅಂತ ನಾನು ಹೇಳಿದ್ನಾ? ಗದ್ದಲ ಇಲ್ಲದವರಿಗೂ ಅದು ಕೆಲಸ ಮಾಡಬಹುದು. ಹೊಟ್ಟೆ ಬೇಗ ತುಂಬಿದ ಹಾಗಾಗುತ್ತೆ, ಹಸಿವು ಕಡಿಮೆಯಾಗುತ್ತೆ. ನಿಮ್ಮ ವಿಷಯದಲ್ಲಿ ಏನು ನಡೀತಿದೆ ಅಂತ ನನಗೆ ತಿಳೀಬೇಕಿತ್ತು, ಅಷ್ಟೇ. ನಿಜ ಹೇಳಿ."

"ನಿಜವಾಗಿ ಏನೂ ಇಲ್ಲ ಡಾಕ್ಟ್ರೇ," ಅಂದಳು. ಹೇಳಿದ ಮೇಲೆ ಎದೆ ಹಗುರಾಯಿತು, ಕಣ್ಣು ಮಾತ್ರ ತುಂಬಿಬಂತು. "ಬಿಸ್ಕತ್ತು ಎದುರಿಗಿಟ್ಟುಕೊಂಡು ಕೂತಿದ್ದೆ. ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು. ಹಾಗಾದ್ರೆ ಈ ಮೈ ಎಲ್ಲಿಂದ ಬಂತು?"

"ನಾನು ನಂಬ್ತೀನಿ. ನಿನ್ನೆ ಏನೇನು ತಿಂದ್ರಿ?"

"ಬೆಳಿಗ್ಗೆ ಕಾಫಿ. ಮಧ್ಯಾಹ್ನ ಬಾಯಲ್ಲಿ ಸೂಜಿ, ಊಟ ಮಾಡ್ಲಿಲ್ಲ. ರಾತ್ರಿ ಒಂದು ಬ್ರೆಡ್ಡು, ಸೂಪು. ಅಷ್ಟೇ."

"ಮತ್ತೆ ನನ್ನ ಬೆಳಗಿನ ಬ್ರೆಡ್ಡು?" ಅಂದಳು ಪುಟ್ಟಿ.

"ಅದು ನಿನ್ನದಲ್ವಾ?"

"ಅರ್ಧ ನೀನೇ ತಿಂದೆ. ಡಬ್ಬೀಲಿ ವಾಪಸ್ ಬಂದಿದ್ದೂ ನೀನೇ ತಿಂದೆ. ಅಪ್ಪನ ಆಲೂಗಡ್ಡೇನೂ ನೀನೇ. ಪಾತ್ರೇಲಿ ತಳ ಹಿಡಿದಿದ್ದೂ."

"ಅಯ್ಯೋ, ಅದು ಊಟ ಅಲ್ಲ ಡಾಕ್ಟ್ರೇ!" ಟೈಲರಮ್ಮನಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಅದು ಪಾತ್ರೆ ತೊಳೆಯೋ ಕೆಲಸ. ಉಳಿದಿದ್ದನ್ನ ಖಾಲಿ ಮಾಡದೆ ಹೇಗೆ ತೊಳೆಯೋದು?"

ಈ ಸಲ ಡಾಕ್ಟರಿಗೆ ಕನ್ನಡಕ ಸಾಲದಾಯಿತು. ಅವರು ಜೋರಾಗಿಯೇ ನಕ್ಕರು. ಒಂದು ಕ್ಷಣ ಬಿಟ್ಟು ಟೈಲರಮ್ಮನೂ ನಕ್ಕಳು. ಸಿಂಕಿನ ಮುಂದೆ ನಿಂತು, ಒಂದು ಕೈಯಲ್ಲಿ ನಲ್ಲಿ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ತುತ್ತು ನುಂಗುವ ತನ್ನನ್ನು ಆಗಲೇ ಮೊದಲ ಬಾರಿಗೆ ನೋಡಿದ ಹಾಗಾಗಿತ್ತು ಅವಳಿಗೆ.

"ಈಗ ತೀರ್ಮಾನ ನಿಮ್ಮದು," ಅಂದರು ಡಾಕ್ಟರು. "ಬೇಕೆಂದರೆ ಶುರು ಮಾಡೋಣ, ತಪ್ಪೇನಿಲ್ಲ. ಆದ್ರೆ ಇಂಜೆಕ್ಷನ್ 'ಸಾಕು' ಅಂತ ಹೇಳೋದು ಹೊಟ್ಟೆಗೆ. ನೀವು ತಿನ್ನೋದು ಹೊಟ್ಟೆ ಕೇಳಿದ್ದಕ್ಕಲ್ಲವಲ್ಲ! ಹೊಟ್ಟೆ ಬೇಡ ಅಂದ ಮೇಲೂ ಪಾತ್ರೆ ಖಾಲಿ ಮಾಡ್ತಾ ಹೋದ್ರೆ ವಾಂತಿ ಮಾಡ್ಕೊಂಡು ನನ್ನನ್ನ ಬೈತೀರಿ. ಇಲ್ಲಾಂದ್ರೆ ಮೊದಲು ಕೂತು ಸರಿಯಾಗಿ ಊಟ ಮಾಡಿ, ಮೊಣಕಾಲಿಗೆ ವ್ಯಾಯಾಮ ಹೇಳಿಕೊಡ್ತೀನಿ, ಸಕ್ಕರೆ ಮತ್ತೆ ನೋಡೋಣ. ಆಮೇಲೂ ಬೇಕಾದ್ರೆ ಇಂಜೆಕ್ಷನ್ ಎಲ್ಲಿಗೂ ಓಡಿಹೋಗಲ್ಲ. ಮನೇಲಿ ಮಾತಾಡಿ, ನಾಳೆ ಫೋನ್ ಮಾಡಿ."

ರಾತ್ರಿ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಬ್ರೆಡ್ಡು. ಟೈಲರಮ್ಮ ಸಿಂಕಿನ ಕಡೆ ಹೋಗದೆ ಕುರ್ಚಿ ಎಳೆದು ಕೂತಾಗ ಗಂಡ, "ಯಾಕೆ, ಮೊಣಕಾಲು ಜಾಸ್ತಿ ನೋಯ್ತಿದೆಯಾ?" ಅಂದ.

"ಊಟಕ್ಕೆ ಕೂತಿದ್ದೀನಿ. ಇವತ್ತಿಂದ ಯಾರೂ ತಟ್ಟೇಲಿ ಒಂದು ಚೂರೂ ಬಿಡೋ ಹಾಗಿಲ್ಲ."

ಅವನ ಮುಖ ಸಣ್ಣಗಾಯಿತು. ತಟ್ಟೆಯ ಅಂಚಿಗೆ ಆಗಲೇ ಸರಿಸಿಟ್ಟಿದ್ದ ದೊಡ್ಡ ಆಲೂಗಡ್ಡೆಯನ್ನು ಅಂಗೈಯಿಂದ ಮರೆಮಾಡಿದ.

"ಏನದು?"

"ನಿನಗೇಂತ ಇಟ್ಟಿದ್ದು. ದಿನಾ ಇಡ್ತೀನಲ್ಲ! ಒಳ್ಳೇ ತುಂಡು ಆರಿಸಿ ಇಡ್ತೀನಿ ಕಣೇ."

"ನನಗೇಂತಲಾ? ನಿಮಗೆ ಸೇರಲ್ಲ, ದಂಡವಾಗುತ್ತಲ್ಲ ಅಂತ ಕಣ್ಣು ಮುಚ್ಚಿ ನುಂಗ್ತಿದ್ದೆ! ನನಗೆ ಆಲೂಗಡ್ಡೆ ಕಂಡ್ರಾಗಲ್ಲ!"

"ಮದುವೆ ಆದಾಗಿಂದ ತಿಂತಿದ್ದೀಯಲ್ಲೇ!"

"ಮದುವೆ ಆದಾಗಿಂದ ಬಿಡ್ತಿದ್ದೀರಲ್ರೀ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರನ್ನು ಯಾರು ಬೈಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಕೊನೆಗೆ ಅವನು ಆಲೂಗಡ್ಡೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ. ಅಷ್ಟು ವರ್ಷ ತ್ಯಾಗ ಮಾಡಿದ್ದರ ರುಚಿ ಅವನ ಕೆನ್ನೆಯಲ್ಲೇ ಕಾಣುತ್ತಿತ್ತು. ಟೈಲರಮ್ಮ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಹಾಗಾದ್ರೆ ಡಾಕ್ಟ್ರಿಗೆ ಏನು ಹೇಳ್ತೀಯ?" ಅಂದ, ಬಾಯಿ ಖಾಲಿಯಾದ ಮೇಲೆ.

"ಈಗಲೇ ಬೇಡ ಅಂತೀನಿ. ಮೊದಲು ನನ್ನ ಊಟ ಯಾವುದು, ನಿಮ್ಮದು ಯಾವುದು ಅಂತ ಗೊತ್ತಾಗ್ಲಿ. ವ್ಯಾಯಾಮ ಮಾಡ್ತೀನಿ. ಸಕ್ಕರೆ ಆಮೇಲೂ ಅಲ್ಲೇ ನಿಂತಿದ್ರೆ, ಮೊಣಕಾಲು ಹೀಗೇ ಇದ್ರೆ, ಆಗ ಸುಳ್ಳು ಹೇಳದೆ ಹೋಗಿ ತಗೊಳ್ತೀನಿ."

ಬಾಯಿಂದ ಹೊರಬಿದ್ದ ಮೇಲೆ ಅದು ಸರಿಯಾಗಿಯೇ ಕೇಳಿಸಿತು. ಗಂಡ ತಲೆಯಾಡಿಸಿದ. ಪುಟ್ಟಿ ಮಾತ್ರ ಚಮಚ ಕೆಳಗಿಟ್ಟಳು.

"ಇಂಜೆಕ್ಷನ್ ತಗೊಳ್ಳಲ್ವಾ?" ಅಂದಳು.

"ಈಗ ಇಲ್ಲ ಬಂಗಾರಾ. ಹೆದರಿದ್ಯಾ? ನನಗೇನೂ ಆಗಿಲ್ಲ."

ಪುಟ್ಟಿ ಇಲ್ಲವೆಂದು ತಲೆಯಲ್ಲಾಡಿಸಿದಳು. ಹೆದರಿದ ಮುಖವಾಗಿರಲಿಲ್ಲ ಅದು, ರಜೆ ರದ್ದಾಯಿತೆಂದು ತಿಳಿದ ಮುಖದ ಹಾಗಿತ್ತು. ಟೈಲರಮ್ಮನಿಗೆ ಬೆಳಗಿನದು ನೆನಪಾಗಿ ಕೆಡುಕೆನಿಸಿತು. ಅವಳು ಚಮಚವನ್ನು ಪಕ್ಕಕ್ಕಿಟ್ಟು, ಕುರ್ಚಿಯನ್ನು ಮಗಳ ಕಡೆಗೆ ತಿರುಗಿಸಿಕೊಂಡಳು.

"ಬೆಳಿಗ್ಗೆಯಿಂದ ಏನೋ ಕೇಳ್ಬೇಕು ಅಂತಿದ್ದೆಯಲ್ಲ. ಈಗ ಬಾಯಲ್ಲಿ ಸೂಜಿ ಇಲ್ಲ, ಕೇಳು."

ಪುಟ್ಟಿಯ ತಟ್ಟೆಯಲ್ಲಿ ಮೊಟ್ಟೆಯ ಬಿಳಿಯೆಲ್ಲ ಮುಗಿದು, ಹಳದಿ ಒಂದು ಚೂರೂ ಒಡೆಯದೆ ದುಂಡಗೆ ಕೂತಿತ್ತು. ಮಗುವಿಗೆ ಅದು ಸೇರುವುದಿಲ್ಲವೆಂದು ಎಷ್ಟೋ ಕಾಲದಿಂದ ಟೈಲರಮ್ಮನೇ, ತನಗೂ ಸೇರದಿದ್ದರೂ, ಸಿಂಕಿನ ಮುಂದೆ ನಿಂತು ಉಸಿರು ಹಿಡಿದು ನುಂಗುತ್ತಿದ್ದಳು. ಪುಟ್ಟಿ ಅದನ್ನು ನೋಡಿದಳು, ಅಪ್ಪನ ಖಾಲಿ ತಟ್ಟೆಯನ್ನು ನೋಡಿದಳು, ಆಮೇಲೆ ಅಮ್ಮನ ಮುಖ ನೋಡಿದಳು.

"ಅಮ್ಮಾ... ನೀನು ಇಂಜೆಕ್ಷನ್ ತಗೊಳ್ದೇ ಇದ್ರೂ, ನಿನಗೇಂತ ಬಿಡ್ತಿದ್ದ ಹಳದಿ ನಾನೇ ತಿನ್ಲಾ?"