ಒಂಬತ್ತರಲ್ಲಿ ಒಂದು ಮನೆ

ಭೂಕಂಪವಾದ ಹನ್ನೊಂದನೆಯ ದಿನ ಶಾಲೆ ಮತ್ತೆ ತೆರೆಯಿತು. ಕಟ್ಟಡ ಬಿರುಕು ಬಿಟ್ಟಿದ್ದರಿಂದ ಏಳನೆಯ ತರಗತಿ ಮೈದಾನದಲ್ಲಿ, ಟಾರ್ಪಾಲಿನ ಕೆಳಗೆ ಕುಳಿತಿತ್ತು. ವಿಜ್ಞಾನದ ಟೀಚರಿಗೆ ಬೇರೆ ಪಾಠ ತೆಗೆಯಲು ಮನಸ್ಸಾಗಲಿಲ್ಲ.

"ನೆಲದಾಳದಲ್ಲಿ ಬಂಡೆ ಒಡೆದು ಜಾರುತ್ತಲ್ಲ, ಆ ಜಾಗ ನಾಭಿ. ಅದರ ನೇರ ಮೇಲೆ ನೆಲದಲ್ಲಿರೋದು ಅಧಿಕೇಂದ್ರ."

"ಭೂಮಿಗೂ ಹೊಕ್ಕಳಿದೆಯಾ ಮಿಸ್?" ಎಂದ ಹಿಂದಿನ ಸಾಲಿನ ತರಲೆ.

"ಇದೆ. ನಿನ್ನ ಹಾಗೆ ಅಂಗಿ ಎತ್ಕೊಂಡು ತಿರುಗಲ್ಲ, ಅಷ್ಟೇ."

ಎಷ್ಟೋ ದಿನಗಳ ಮೇಲೆ ಮಕ್ಕಳು ನಕ್ಕರು. ಮೇಸ್ತ್ರಿಯ ಮಗಳು ಗುಬ್ಬಿ ಮಾತ್ರ ನಗಲಿಲ್ಲ. ಒಂಬತ್ತು ಮನೆಗಳಿದ್ದ ಅವಳ ಬೀದಿಯಲ್ಲಿ ಬಿದ್ದದ್ದು ಅವರದೊಂದೇ. ಒಳಗಿದ್ದ ಅಜ್ಜಿ ಉಳಿಯಲಿಲ್ಲ.

ಕಂಪನದಲ್ಲಿ ಹೊರಬಿದ್ದ ಶಕ್ತಿಯ ಅಳತೆಗೆ ಪ್ರಮಾಣವೆನ್ನುತ್ತಾರೆ, ಒಂದು ಭೂಕಂಪಕ್ಕೆ ಅದು ಒಂದೇ ಎಂದು ಟೀಚರ್ ವಿವರಿಸಿದರು. ಒಂದೊಂದು ಜಾಗದಲ್ಲಿ ಅದು ಎಷ್ಟು ಅಲುಗಾಡಿಸಿತು, ಏನು ಕೆಡವಿತು ಎನ್ನುವುದು ತೀವ್ರತೆ.

ಊಟದ ಬಿಡುವಿನಲ್ಲಿ ಗುಬ್ಬಿ ಬಂದು ನಿಂತಳು.

"ಪ್ರಮಾಣ ಒಂದೇ ಅಂದ್ರಲ್ಲ ಮಿಸ್. ಮತ್ತೆ ನಮ್ಮನೆ ಒಂದೇ ಯಾಕೆ ಬಿತ್ತು?" ಉತ್ತರಕ್ಕೆ ಕಾಯದೆ ತಾನೇ ಹೇಳಿದಳು. "ನಂಗೊತ್ತು. ಅಜ್ಜಿ ಕನ್ನಡಕ ಒಡೆದಿದ್ದು ನಾನು. ನಾನಲ್ಲ, ದೇವರಾಣೆ ಅಂದಿದ್ದೆ. ಮಾರನೇ ದಿನವೇ ಹೀಗಾಯ್ತು."

ಟೀಚರಿಗೆ ನಿಜವಾದ ಕಾರಣ ಗೊತ್ತಿತ್ತು. ಆ ಮನೆಯಿದ್ದಲ್ಲಿ ಹಿಂದೆ ಹೊಂಡವಿತ್ತು. ಚಿಕ್ಕಂದಿನಲ್ಲಿ ಅವರೇ ಅಲ್ಲಿ ಕಾಗದದ ದೋಣಿ ಬಿಟ್ಟಿದ್ದರು. ಮರಳು ಸುರಿದು ಅದನ್ನು ಮುಚ್ಚಿ ಮನೆ ಕಟ್ಟಿದವನು ಗುಬ್ಬಿಯ ಅಪ್ಪ. ಮಗಳ ಎದೆಯ ಭಾರ ಇಳಿಸಬೇಕಾದರೆ ಅದನ್ನು ಅಪ್ಪನ ಎದೆಗೆ ಹೊರಿಸಬೇಕು.

ಮೇಸ್ತ್ರಿ ಶಾಲೆಯ ಹಿಂಗೋಡೆ ರಿಪೇರಿ ಮಾಡುತ್ತಿದ್ದ. ಟೀಚರ್ ಹೋಗಿ ಮಗಳ ಮಾತನ್ನೆಲ್ಲ ತಿಳಿಸಿದರು. ಅವನು ಕರಣೆ ಕೆಳಗಿಟ್ಟ.

"ನೀವು ಹೇಳ್ಬೇಡಿ ಟೀಚರಮ್ಮ."

"ಹಾಗಂದ್ರೆ ಮಗು ಜೀವಮಾನ ಪೂರ್ತಿ..."

"ನೀವು ಹೇಳ್ಬೇಡಿ ಅಂದೆ. ಕಟ್ಟಿದೋನು ನಾನು, ಹೇಳೋನೂ ನಾನೇ."

ಮಧ್ಯಾಹ್ನ ಅವನು ತರಗತಿಗೆ ಒಂದು ಮರದ ಹಲಗೆ ಹೊತ್ತು ತಂದ. ಅದರ ಒಂದು ತುದಿಗೆ ಕಲ್ಲಿನ ಚಪ್ಪಡಿ, ಇನ್ನೊಂದು ತುದಿಗೆ ನೀರು ಕುಡಿದ ಮರಳು ತುಂಬಿದ ಬಾಂಡ್ಲಿ ಇಟ್ಟು, ಎರಡರ ಮೇಲೂ ಒಂದೊಂದು ಇಟ್ಟಿಗೆ ನಿಲ್ಲಿಸಿದ. ಹಲಗೆಯ ನಡುವೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯತೊಡಗಿದ. ಚಪ್ಪಡಿಯ ಮೇಲಿನ ಇಟ್ಟಿಗೆ ಅದುರಿತು, ನಿಂತಿತು. ಬಾಂಡ್ಲಿಯ ಮರಳು ಗಂಜಿಯಂತಾಗಿ ನೀರು ಮೇಲೆ ಬಂತು. ಅಲ್ಲಿನ ಇಟ್ಟಿಗೆ ವಾಲಿ ವಾಲಿ ಮುಳುಗಿತು.

"ಬಡಿದಿದ್ದು ಒಂದೇ ಸುತ್ತಿಗೆ," ಎಂದ ಮೇಸ್ತ್ರಿ. ಮಾತು ಎಲ್ಲರಿಗೂ ಕೇಳುತ್ತಿತ್ತು, ಕಣ್ಣು ಮಾತ್ರ ಮಗಳ ಮೇಲಿತ್ತು. "ಬೇರೆಯವರ ಮನೆ ಗಟ್ಟಿ ನೆಲದ ಮೇಲಿದ್ವು. ನಮ್ದು ಹೊಂಡದ ಮೇಲೆ. ಮುಚ್ಚಿ ಕಟ್ಟಿದ್ದು ನಾನು."

"ನಿಂಗೆ ಗೊತ್ತಿತ್ತಾ ಅಪ್ಪ?"

"ಕೆಳಗೆ ನೀರಿದೆ ಅಂತ ಗೊತ್ತಿತ್ತು. ಇಷ್ಟಾಗುತ್ತೆ ಅಂತ ಗೊತ್ತಿರ್ಲಿಲ್ಲ. ನಿಮ್ಮಜ್ಜಿ ಬೇಡ ಕಣೋ ಅಂದಿದ್ಲು. ಕೇಳ್ಲಿಲ್ಲ." ಅವನು ಸುತ್ತಿಗೆ ಕೆಳಗಿಟ್ಟ. "ಒಂದು ಕನ್ನಡಕಕ್ಕೆ ಮನೆ ಕೆಡವೋ ಅಷ್ಟು ಸಣ್ಣವನಲ್ಲ ಮಗಾ, ದೇವರು."

ತರಲೆಯೂ ತಲೆ ತಗ್ಗಿಸಿ ಕುಳಿತಿದ್ದ. ಗುಬ್ಬಿ ಮುಳುಗಿದ ಇಟ್ಟಿಗೆಯನ್ನೇ ನೋಡುತ್ತಿದ್ದಳು. ಇಷ್ಟು ದಿನ ಹೆದರಿಕೆಯಿಂದ ಒಣಗಿದ್ದ ಕಣ್ಣು ತುಂಬಿಬಂತು, ಅಜ್ಜಿಗಾಗಿ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಕೈಯೆಲ್ಲ ಕೆಸರಾಗಿದ್ದ ಮೇಸ್ತ್ರಿ ಮಗಳನ್ನು ಮುಟ್ಟಲು ಅಂಜಿ ನಿಂತ. ಅವಳೇ ಎದ್ದು ಬಂದು ಆ ಕೆಸರುಗೈಗಳ ನಡುವೆ ಮುಖವಿಟ್ಟಳು.